ಆಪರೇಷನ್ ದೂರದ ಊರಲ್ಲಿ, ಊಟ ನಮ್ಮ ಮನೆಯಲ್ಲಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೋಗುವವರು ಹೈದರಾಬಾದಿಗೋ ಬೆಂಗಳೂರಿಗೋ ಹುಬ್ಬಳ್ಳಿ, ಬೆಳಗಾವಿಗೋ ಹೋಗಬೇಕು. ಅಲ್ಲಿ ಆಸ್ಪತ್ರೆಯಲ್ಲಿ ಇರುವುದು ಎರಡು ಮೂರು ದಿನ. ಆಮೇಲಿನ ಬದುಕೆಲ್ಲ ಇಲ್ಲೇ. ಡಿಸ್ಚಾರ್ಜ್ ಆಗುವಾಗ ಕೈಗೆ ಕೊಡುವ ಚೀಟಿಯಲ್ಲಿ ಓಟ್ಸ್, ಸೂಪು, ಬ್ರೊಕೊಲಿ ಇರುತ್ತವೆ. ಮನೆಗೆ ಬಂದರೆ ಒಲೆಯ ಮೇಲೆ ರೊಟ್ಟಿ, ಬುಟ್ಟಿಯಲ್ಲಿ ಪುಂಡಿಪಲ್ಯದ ಸೊಪ್ಪು, ಸಂಜೆಗೆ ಒಗ್ಗರಣೆ-ಮಿರ್ಚಿ. ಕೆಳಗಿನ ಸೂತ್ರಗಳನ್ನು ಬರೆದದ್ದು ಈ ದೂರವನ್ನು ದಾಟಲಿಕ್ಕೆ. ಇವುಗಳಿಗೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತೇ ನಡೆಯಲಿ.

1. ಯಾವ ಆಪರೇಷನ್ ಎಂಬುದು ಸ್ಪಷ್ಟವಾಗಲಿ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಚಿಕಿತ್ಸೆಯ ನಂತರ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಆ ಸುದ್ದಿ ಕೇಳಿದವರಿಗೆ ಎಲ್ಲ ‘ತೂಕದ ಆಪರೇಷನ್’ಗಳೂ ಒಂದೇ ಅನ್ನಿಸುವುದು ಸಹಜ. ಆದರೆ ಚರ್ಮದಡಿಯ ಕೊಬ್ಬು ತೆಗೆಯುವುದು ಅಂದಚೆಂದದ ಚಿಕಿತ್ಸೆ. ಅದರಿಂದ ಸಕ್ಕರೆ ಕಾಯಿಲೆ ತಗ್ಗುವುದಿಲ್ಲ, ಹಸಿವೆಯೂ ಬದಲಾಗುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬೇರಿಯಾಟ್ರಿಕ್ ಸರ್ಜರಿಯ ವಿಷಯ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು ಕೊಳವೆಯಂಥ ಭಾಗ ಉಳಿಸುತ್ತಾರೆ. ಹಸಿವೆ ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಭಾಗದಲ್ಲೇ ಆದ್ದರಿಂದ ಹಸಿವೆಯೂ ಕುಗ್ಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಳೆಯ ಸಕ್ಕರೆ ಕಾಯಿಲೆ ಇದ್ದವರಿಗೆ ಅಥವಾ ಎದೆಯುರಿ ಜೋರಾಗಿದ್ದವರಿಗೆ ಹಲವು ಸಲ ಬೈಪಾಸ್ ಸೂಚಿಸುತ್ತಾರೆ. ನಿಮಗೆ ಯಾವುದು, ಯಾಕೆ ಎಂದು ಕೇಳಿ ತಿಳಿದುಕೊಳ್ಳಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಅವರು ಕೇಳುವ ಮೊದಲ ಪ್ರಶ್ನೆ ಅದೇ.

2. ನಿಮ್ಮ ಲೆಕ್ಕ ನೀವೇ ಹಾಕಿ ನೋಡಿ

ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 5 ಅಡಿ 3 ಇಂಚಿನ, 90 ಕಿಲೋ ತೂಕದವರ ಬಿಎಂಐ ಸುಮಾರು 35. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಬೇರೆ ಕಾಯಿಲೆ ಇಲ್ಲದಿದ್ದರೂ 35 ದಾಟಿದವರಿಗೆ ಈ ಶಸ್ತ್ರಚಿಕಿತ್ಸೆ ಸೂಚಿಸಬಹುದು. ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಹಿಡಿಯುವ ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು.

ವಿಮೆಯ ಲೆಕ್ಕ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ನಿಯಮದಂತೆ ವಯಸ್ಸು 18 ದಾಟಿರಬೇಕು, ಬೇರೆ ದಾರಿಗಳಿಂದ ತೂಕ ಇಳಿಯದೆ ಹೋಗಿರಬೇಕು. ಬಿಎಂಐ 40 ಇರಬೇಕು. 35 ಇದ್ದರೆ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯ ಕಾಯಿಲೆ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಇರಬೇಕು. ಈ ಹಿಂದೆ ಮಾಡಿದ ಪಥ್ಯ, ನುಂಗಿದ ಗುಳಿಗೆಗಳ ಹಳೆಯ ಚೀಟಿಗಳನ್ನು ಎಸೆಯಬೇಡಿ. ವಿಮೆಯವರು ಕೇಳುವುದು ಅವನ್ನೇ. ಹಟ್ಟಿ ಚಿನ್ನದ ಗಣಿಯಲ್ಲೋ ಸರ್ಕಾರಿ ಇಲಾಖೆಯಲ್ಲೋ ಕೆಲಸದಲ್ಲಿರುವವರು ಮೊದಲು ತಮ್ಮ ಕಚೇರಿಯಲ್ಲೇ ವಿಚಾರಿಸಲಿ.

3. ಆಸ್ಪತ್ರೆ ಆರಿಸುವಾಗ ಈ ನಾಲ್ಕು ಪ್ರಶ್ನೆ ಕೇಳಿ

ರಾತ್ರಿ ಹನ್ನೆರಡಕ್ಕೆ ವಾಂತಿ ಶುರುವಾದರೆ ಯಾವ ನಂಬರಿಗೆ ಫೋನ್ ಮಾಡಲಿ? ಕನ್ನಡದಲ್ಲಿ ಮಾತಾಡುವ ಆಹಾರ ತಜ್ಞರು ಇದ್ದಾರಾ? ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ನಿಮಗೆ ಪರಿಚಯದ ಸರ್ಜನ್ ಇದ್ದಾರಾ? ವರ್ಷ ಎರಡು ವರ್ಷದ ತಪಾಸಣೆಯೂ ಈ ಖರ್ಚಿನಲ್ಲೇ ಬರುತ್ತದಾ?

ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯವರಿಗೆ ಆಪರೇಷನ್ ಬಿಲ್ಲಿಗಿಂತ ಮೊದಲನೆಯ ಪ್ರಶ್ನೆಯ ಉತ್ತರವೇ ಮುಖ್ಯ.

4. ದಿನಾಂಕ ಇಡುವ ಮುನ್ನ ಹೊಲ ನೋಡಿ

ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ನಮ್ಮಲ್ಲಿ ಭತ್ತದ ಚೀಲವೆಂದರೆ 75 ಕಿಲೋ, ಯೂರಿಯಾ ಚೀಲ 45 ಕಿಲೋ. ನಾಟಿ ಅಥವಾ ಕೊಯ್ಲಿನ ನಡುವೆ ಆಪರೇಷನ್ ಇಟ್ಟುಕೊಂಡರೆ ‘ಇದೊಂದು ಚೀಲ ಎತ್ತಿಬಿಡ್ತೀನಿ’ ಎಂಬ ಮನಸ್ಸು ಬಂದೇ ಬರುತ್ತದೆ. ಎಡದಂಡೆ ಕಾಲುವೆಯ ನೀರಾವರಿ ರೈತರಿಗೆ ಸುಗ್ಗಿ ಮುಗಿದ ಮೇಲಿನ ದಿನಗಳೇ ಒಳ್ಳೆಯವು. ಏಪ್ರಿಲ್, ಮೇ ತಿಂಗಳನ್ನು ಸಾಧ್ಯವಾದರೆ ಬಿಟ್ಟುಬಿಡಿ. ಗುಟುಕು ಗುಟುಕಾಗಿಯಷ್ಟೇ ನೀರು ಇಳಿಯುವ ಹೊಟ್ಟೆಗೆ 40 ಡಿಗ್ರಿ ದಾಟುವ ನಮ್ಮ ಬಿಸಿಲು ಬಲು ಕಷ್ಟ.

5. ಗುಟ್ಕಾ, ಬೀಡಿ, ತಂಬಾಕು ಈಗಲೇ ಬಿಡಿ

ಕನಿಷ್ಠ ಆರು ವಾರ ಮೊದಲು ಬಿಡಬೇಕು. ಧೂಮಪಾನದಿಂದ ಹೊಲಿಗೆ ಮಾಯುವುದು ತಡ, ಆಮೇಲೆ ಹುಣ್ಣಾಗುವ ಭಯ. ಆಪರೇಷನ್‌ಗೆ ಎರಡು ವಾರ ಮೊದಲು ಕಡಿಮೆ ಕ್ಯಾಲೊರಿಯ ಪಥ್ಯ ಹೇಳುತ್ತಾರೆ. ಅದು ನಿಮ್ಮ ಪರೀಕ್ಷೆಗೆಂದು ಇಟ್ಟದ್ದಲ್ಲ, ಕೊಬ್ಬು ತುಂಬಿ ಉಬ್ಬಿದ ಲಿವರ್ ಕುಗ್ಗಲಿ ಎಂದು. ಲಿವರ್ ಜಠರದ ಮೇಲೇ ಹರಡಿಕೊಂಡಿರುತ್ತದೆ. ಅದು ಕುಗ್ಗಿದಷ್ಟೂ ಸರ್ಜನ್ ಕೈಗೆ ಜಾಗ. ‘ಇನ್ನು ಮುಂದ ಉಣ್ಣಾಕ ಆಗಂಗಿಲ್ಲ’ ಎಂದು ಆ ಎರಡು ವಾರದಲ್ಲೇ ಬಂಧುಗಳು ಔತಣಕ್ಕೆ ಕರೆಯುತ್ತಾರೆ. ಹೋಗಬೇಡಿ.

6. ಅಡುಗೆ ಮಾಡುವವರನ್ನೇ ಜೊತೆಗೆ ಕರೆದೊಯ್ಯಿರಿ

ಇಡೀ ಪಟ್ಟಿಯಲ್ಲಿ ಒಂದನ್ನೇ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಸಾಮಾನ್ಯವಾಗಿ ಆಸ್ಪತ್ರೆಗೆ ಜೊತೆ ಹೋಗುವವರು ಅಣ್ಣ, ಅಳಿಯ, ಮಾವ. ದುಡ್ಡು ಕಟ್ಟುವವರು, ಕಾರು ನಡೆಸುವವರು. ಆಹಾರ ತಜ್ಞರು ಹೇಳುವುದೆಲ್ಲ ಅವರ ಕಿವಿಗೆ ಬೀಳುತ್ತದೆ. ಊರಲ್ಲಿ ಒಲೆ ಮುಂದೆ ಕೂತ ಅವ್ವನಿಗೋ ಹೆಂಡತಿಗೋ ತಲುಪುವುದು ‘ಮೆತ್ತಗಿಂದು ಮಾಡಿ ಕೊಡು’ ಎಂಬ ಒಂದು ಮಾತು. ಮೆತ್ತಗೆ ಎಂದರೆ ಅವರ ಪಾಲಿಗೆ ಅನ್ನ-ಸಾರು, ಶಾವಿಗೆ ಪಾಯಸ, ಹಾಲು-ಸಕ್ಕರೆ. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ, ಆದರೆ ಪ್ರೋಟೀನ್ ಸಾಲದು, ಸಕ್ಕರೆ ಮಾತ್ರ ಬೇಕಾದಷ್ಟು.

ಅಡುಗೆಯವರು ತಜ್ಞರ ಎದುರು ಕೂರಲಿ. ‘ನಮ್ಮನ್ಯಾಗ ಮುಂಜಾನೆ ಇದು, ಮಧ್ಯಾಹ್ನ ಇದು ಮಾಡ್ತೀವ್ರಿ, ಇದರಾಗ ಯಾವುದು ಕೊಡಲಿ?’ ಎಂದು ತಾವೇ ಕೇಳಲಿ. ನೀವು ಹೆಣ್ಣುಮಗಳಾಗಿದ್ದು ಮನೆಯ ಅಡುಗೆಯೂ ನಿಮ್ಮದೇ ಆಗಿದ್ದರೆ ಮಾತು ಇನ್ನೂ ಗಂಭೀರ. ಎಂಟು ಜನಕ್ಕೆ ರೊಟ್ಟಿ ಬಡಿದು, ಎಲ್ಲರಿಗೂ ನೀಡಿ, ಕೊನೆಗೆ ಉಳಿದದ್ದು ಉಣ್ಣುವ ಪದ್ಧತಿ ಈ ಹೊಟ್ಟೆಗೆ ಒಗ್ಗುವುದಿಲ್ಲ. ಮೊದಲ ತಿಂಗಳು ಒಲೆ ಇನ್ನೊಬ್ಬರ ಕೈಯಲ್ಲಿರಲಿ. ಆಮೇಲೂ ನಿಮ್ಮ ಊಟ ಎಲ್ಲರಿಗಿಂತ ಮೊದಲು ಆಗಲಿ. ಇದಕ್ಕೆ ಅತ್ತೆಯವರೂ ಗಂಡನೂ ಒಪ್ಪಿದ ಮೇಲೇ ಆಪರೇಷನ್ ದಿನಾಂಕ ಗೊತ್ತು ಮಾಡಿ.

7. ಮೊದಲ ಎಂಟು ವಾರ: ನೀರಿನಿಂದ ನುಚ್ಚಿನವರೆಗೆ

ಆಸ್ಪತ್ರೆಗಳ ಕ್ರಮ ತುಸು ಬೇರೆಬೇರೆ. ಸಾಮಾನ್ಯವಾಗಿ ಮೊದಲ ಒಂದೆರಡು ವಾರ ತೆಳು ಪದಾರ್ಥ, ನಂತರ ಎರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು, ಆರರಿಂದ ಎಂಟು ವಾರಕ್ಕೆ ಮಾಮೂಲಿ ಊಟ. ನಮ್ಮ ಅಡುಗೆಮನೆಯಲ್ಲೇ ಇದಕ್ಕೆ ಬೇಕಾದ್ದೆಲ್ಲ ಇದೆ. ತೆಳು ಹಂತಕ್ಕೆ ಸೋಸಿದ ಹೆಸರುಬೇಳೆ ಕಟ್ಟು, ಬೆಣ್ಣೆ ತೆಗೆದ ಮಜ್ಜಿಗೆ, ಕೆನೆ ತೆಗೆದ ಹಾಲಿಗೆ ಕಲಸಿದ ಪ್ರೋಟೀನ್ ಪುಡಿ. ಅರೆದ ಹಂತಕ್ಕೆ ಬೇಳೆ, ಮೊಸರು, ಮಿದ್ದ ಪನೀರ್, ಮೆತ್ತಗೆ ಬೇಯಿಸಿ ಕಿವುಚಿದ ಮೊಟ್ಟೆ. ಮೆತ್ತನೆಯ ಹಂತಕ್ಕೆ ಚೆನ್ನಾಗಿ ಬೆಂದ ಜೋಳದ ನುಚ್ಚು ಸ್ವಲ್ಪ, ಬೇಳೆ ಹೆಚ್ಚು, ಜುಣಕ, ಮುಳ್ಳು ತೆಗೆದ ಮೀನು.

ಖಾರದ ಮಾತು. ನಮ್ಮ ಕೆಂಪು ಹಿಂಡಿಯ ಖಾರ ಮೊದಲ ಎರಡು ತಿಂಗಳು ದೂರವಿರಲಿ. ನಾಲಿಗೆ ಸಪ್ಪೆಯೆಂದರೆ ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿ ಹಾಕಿ.

8. ರೊಟ್ಟಿ, ಅನ್ನಕ್ಕೆ ಅವಸರ ಬೇಡ. ತಟ್ಟೆಯಲ್ಲಿ ಮೊದಲು ಪ್ರೋಟೀನ್

ಕಡಕ್ ರೊಟ್ಟಿ ಮತ್ತು ಮುದ್ದೆಗಟ್ಟುವ ಅನ್ನ, ಎರಡೂ ಮೊದಲ ತಿಂಗಳುಗಳಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳು. ಎದೆಯ ನಡುವೆ ಒತ್ತಿದಂತಾಗಿ, ಬಾಯಿತುಂಬ ಜೊಲ್ಲು ಬಂದು, ಕೊನೆಗೆ ವಾಂತಿಯಾಗುತ್ತದೆ. ಬಿಸಿ ರೊಟ್ಟಿಯ ಮೆತ್ತನೆಯ ಪಾಪಡಿಯನ್ನು ಸಾರಿನಲ್ಲಿ ನೆನೆಸಿ, ಉಗುರಿನಷ್ಟು ತುಣುಕು ಮಾಡಿ ಅಗಿಯುವುದರಿಂದ ಶುರು ಮಾಡಿ. ಸೋನಾ ಮಸೂರಿ ಬೆಳೆಯುವ ನಾಡಿನವರಿಗೆ ಅನ್ನ ಕಡಿಮೆ ಮಾಡು ಎನ್ನುವುದು ಕಠಿಣ ಮಾತು. ಆದರೂ ಹೇಳಲೇಬೇಕು: ಕಾಲು ಬಟ್ಟಲು ಜಾಗವಿರುವ ಹೊಟ್ಟೆಯನ್ನು ಅನ್ನವೇ ತುಂಬಿದರೆ ಸ್ನಾಯು ಕರಗುತ್ತದೆ, ಕೂದಲು ಉದುರುತ್ತದೆ, ನಡೆಯಲು ತ್ರಾಣ ಇರುವುದಿಲ್ಲ.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, 100 ಗ್ರಾಂ ಪನೀರಿನಲ್ಲಿ 18, ಬೇಯಿಸುವ ಮುನ್ನ 30 ಗ್ರಾಂ ತೂಗುವ ಬೇಳೆಯಲ್ಲಿ 7, ಬೇಯಿಸಿದ 100 ಗ್ರಾಂ ಕೋಳಿ ಮಾಂಸದಲ್ಲಿ 25ಕ್ಕಿಂತ ಹೆಚ್ಚು. ಮೊಟ್ಟೆಯನ್ನೂ ಮುಟ್ಟದ ಲಿಂಗಾಯತ, ಬ್ರಾಹ್ಮಣ ಮನೆಗಳಲ್ಲಿ ಪನೀರ್, ಮೊಸರು, ಹೆಸರು, ಮಡಿಕೆ ಕಾಳು, ಸೋಯಾ ಇಷ್ಟರಲ್ಲೇ ಲೆಕ್ಕ ಹೊಂದಿಸಬೇಕು. ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿಯಿಲ್ಲದೆ ಅದು ಆಗದು. ಶೇಂಗಾ ಹಿಂಡಿಯಲ್ಲೂ ಪ್ರೋಟೀನ್ ಇದೆ, ಆದರೆ ಎಣ್ಣೆಯಂಶ ಅದಕ್ಕಿಂತ ಹೆಚ್ಚು. ಒಂದು ಚಮಚಕ್ಕೆ ನಿಲ್ಲಿಸಿ. ತಟ್ಟೆಯಲ್ಲಿ ಮೊದಲು ಕಾಳು ಅಥವಾ ಮೊಟ್ಟೆ, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ.

9. ನೀರು ಬೇರೆ, ಊಟ ಬೇರೆ

ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ಶುರು ಮಾಡಿ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ತಲುಪಬೇಕು. ಹೊಲಕ್ಕೆ, ಅಂಗಡಿಗೆ, ಗಣಿಯ ಪಾಳಿಗೆ ಹೋಗುವವರು ಬಾಟಲಿ ಕೈಬಿಡಬೇಡಿ. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಸೋಡಾ, ಕೂಲ್‌ಡ್ರಿಂಕ್ ಬೇಡ.

10. ಗುಳಿಗೆ ಜೀವನಪೂರ್ತಿ

ಮಲ್ಟಿವಿಟಮಿನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12, ಕಬ್ಬಿಣಾಂಶ. ‘ಈಗ ಆರಾಮಿದ್ದೀನಿ’ ಎಂದು ವರ್ಷದ ಮೇಲೆ ಬಿಟ್ಟವರಿಗೆ ಪಾದ ಜುಮ್ಮೆನ್ನುವುದು, ರಕ್ತ ಕಡಿಮೆಯಾಗುವುದು, ಮೂಳೆ ಸವೆಯುವುದು ನಿಧಾನಕ್ಕೆ ಬರುತ್ತವೆ. ಕ್ಯಾಲ್ಸಿಯಂ ಸಿಟ್ರೇಟ್ ರೂಪದಲ್ಲಿರಲಿ, ಈ ಹೊಟ್ಟೆಗೆ ಅದು ಚೆನ್ನಾಗಿ ಹಿಡಿಯುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಗುಳಿಗೆಗಳ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಕಬ್ಬಿಣಾಂಶವನ್ನು ಚಹಾದ ಜೊತೆ ನುಂಗಬೇಡಿ.

11. ವಾಂತಿ ನಿಲ್ಲದಿದ್ದರೆ ಬರೀ ಗ್ಲೂಕೋಸ್ ಏರಿಸಿಕೊಂಡು ಮನೆಗೆ ಬರಬೇಡಿ

ನಮ್ಮ ಊರುಗಳಲ್ಲಿ ಸುಸ್ತಾದರೆ, ವಾಂತಿಯಾದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಸಲೈನ್ ಹಚ್ಚಿಸಿಕೊಳ್ಳುವುದು ರೂಢಿ. ಈ ಆಪರೇಷನ್ ಆದವರಿಗೆ ಅದರಲ್ಲೊಂದು ದೊಡ್ಡ ಅಪಾಯವಿದೆ. ಬಿ1 ಅಂದರೆ ಥಯಮಿನ್ ನಮ್ಮ ದೇಹದಲ್ಲಿ ಕೆಲವೇ ವಾರಗಳಿಗಾಗುವಷ್ಟು ಇರುತ್ತದೆ. ಊಟ ಕಡಿಮೆಯಾಗಿ, ಮೇಲೆ ದಿನಗಟ್ಟಲೆ ವಾಂತಿಯಾದರೆ ಅದು ಖಾಲಿ. ಆ ಹೊತ್ತಿನಲ್ಲಿ ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದದ್ದೂ ಖರ್ಚಾಗಿ ಮೆದುಳಿಗೆ ಹಾನಿಯಾಗಬಹುದು. ಕಣ್ಣು ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮಾತು ಗಲಿಬಿಲಿಯಾಗುವುದು ಅದರ ಲಕ್ಷಣ. ಸಮಯಕ್ಕೆ ಥಯಮಿನ್ ಇಂಜೆಕ್ಷನ್ ಸಿಕ್ಕರೆ ಇದನ್ನು ತಡೆಯಬಹುದು.

ಹೀಗಾಗಿ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಜೇಬಿನಲ್ಲೂ ಫೋನಿನಲ್ಲೂ ಇಟ್ಟುಕೊಳ್ಳಿ: ‘ನನಗೆ ಬೇರಿಯಾಟ್ರಿಕ್ ಸರ್ಜರಿ ಆಗಿದೆ. ಗ್ಲೂಕೋಸ್‌ಗೆ ಮೊದಲು ಥಯಮಿನ್ ಕೊಡಿ. ನನ್ನ ಸರ್ಜನ್ ನಂಬರ್ ಇದು.’ ಒಂದು ದಿನಕ್ಕಿಂತ ಹೆಚ್ಚು ನೀರೂ ನಿಲ್ಲದಿದ್ದರೆ ಫೋನ್ ಮಾಡಿ. ಜ್ವರ, ಹೊಟ್ಟೆಯಲ್ಲಿ ಹೆಚ್ಚುತ್ತಾ ಹೋಗುವ ನೋವು, ಸುಮ್ಮನೆ ಕೂತಾಗಲೂ ನಿಮಿಷಕ್ಕೆ 120 ದಾಟುವ ನಾಡಿ, ಉಸಿರಿಗೆ ಕಷ್ಟ, ಒಂದೇ ಕಾಲಿನ ಬಾವು, ಕಪ್ಪು ಮಲ – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಹೊರಡಿ.

12. ನೋವಿನ ಇಂಜೆಕ್ಷನ್‌ಗೆ ಬೇಡ ಎನ್ನಿ

ಮೈಕೈ ನೋವೆಂದರೆ ಆರ್‌ಎಂಪಿ ಡಾಕ್ಟರು ಕೊಡುವುದು ಹೆಚ್ಚಾಗಿ ಡೈಕ್ಲೋಫೆನಾಕ್. ಅದೂ ಐಬುಪ್ರೊಫೆನ್, ಅಸಿಕ್ಲೋಫೆನಾಕ್‌ನಂಥವೂ ಹೊಸ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲವು, ಬೈಪಾಸ್ ಆದವರಿಗಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಸಾಕು. ಮೆಡಿಕಲ್ ಅಂಗಡಿಯವರಿಗೂ ತಿಳಿಸಿಡಿ.

13. ಸಕ್ಕರೆ, ಬಿಪಿ ಗುಳಿಗೆಗಳ ಪ್ರಮಾಣ ಕೂಡಲೇ ಬದಲಾಗುತ್ತದೆ

ಆಪರೇಷನ್ ಆದ ವಾರದಲ್ಲೇ ಸಕ್ಕರೆ ಇಳಿಯತೊಡಗುತ್ತದೆ. ಹಳೆಯ ಇನ್ಸುಲಿನ್ ಪ್ರಮಾಣವನ್ನೇ ಚುಚ್ಚಿಕೊಂಡರೆ ಸಕ್ಕರೆ ತೀರಾ ಕೆಳಗಿಳಿದು ಕುಸಿದುಬೀಳಬಹುದು. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರ ಇರಲಿ, ಅಂಕಿಗಳನ್ನು ಡಾಕ್ಟರಿಗೆ ಕಳಿಸುತ್ತಿರಿ. ಇನ್ನೊಂದು ಮಾತು: ಸಿಹಿ ತಿಂದ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ, ಬೆವತು, ಹೊಟ್ಟೆ ನುಲಿದರೆ ಅದು ಸಿಹಿ ವೇಗವಾಗಿ ಕರುಳಿಗೆ ನುಗ್ಗಿದ್ದರ ಫಲ.

14. ಜಾತ್ರೆ, ಮದುವೆ, ಚರಗ: ಮಾತು ಮೊದಲೇ ಆಡಿಬಿಡಿ

ಮಸ್ಕಿ ಮಲ್ಲಿಕಾರ್ಜುನನ ಜಾತ್ರೆ, ಗುರುಗುಂಟಾ ಅಮರೇಶ್ವರ, ಅಂಬಾಮಠ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ನಮ್ಮಲ್ಲಿ ಉಣ್ಣದಿದ್ದರೆ ಮುನಿಸು. ‘ಒಂದ ತುತ್ತರ ಉಣ್ಣವಾ, ಏನಾಗ್ತದ?’ ಎಂದು ಚಿಗವ್ವ ನೀಡಲು ಬಂದರೆ ಕೈ ಅಡ್ಡ ಇಟ್ಟು ಕೂರುವುದು ಸುಲಭವಲ್ಲ. ಆದ್ದರಿಂದ ಪಂಕ್ತಿಯಲ್ಲಿ ಕೂರುವ ಮೊದಲೇ, ಮನೆಯ ಹಿರಿಯರ ಬಾಯಿಂದಲೇ ಹೇಳಿಸಿ: ‘ಡಾಕ್ಟರ್ ಹೇಳ್ಯಾರ, ಇವರಿಗೆ ನಾವೇ ನೀಡ್ತೀವಿ.’ ಹೋಳಿಗೆ ಒಂದು ಚೂರು ಬಾಯಿಗಿಟ್ಟು ಅಗಿದರೆ ಸಾಕು.

ಉಪವಾಸದ ವಿಷಯದಲ್ಲಿ ನನ್ನ ಮಾತು ಖಚಿತ. ಶ್ರಾವಣ ಸೋಮವಾರವಾಗಲಿ, ಶಿವರಾತ್ರಿಯಾಗಲಿ, ರಮ್ಜಾನ್ ರೋಜಾ ಆಗಲಿ, ಮೊದಲ ವರ್ಷ ಬೇಡ. ಆಮೇಲೆ ವೈದ್ಯರನ್ನು ಕೇಳಿಕೊಂಡು.

ಇನ್ನು ಮುಚ್ಚಿಡುವ ಪ್ರಶ್ನೆ. ಊರವರು ‘ಸೊರಗ್ಯಾಳ, ಏನೋ ದೊಡ್ಡ ಬ್ಯಾನಿ ಇರಬೇಕು’ ಎಂದು ಆಡಿಕೊಳ್ಳುತ್ತಾರೆ. ಎಲ್ಲರಿಗೂ ಹೇಳುವ ಅಗತ್ಯವಿಲ್ಲ, ಆದರೆ ನಾಚಿಕೆ ಪಡುವಂಥದ್ದು ಇದರಲ್ಲೇನಿಲ್ಲ. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ದೇಶಕ್ಕೆಲ್ಲ ಗೊತ್ತು. ಬೊಜ್ಜು ಆಲಸ್ಯದ ಫಲ ಎಂದು ಅಣಕಿಸುವವರ ಮಾತಿಗೆ ವೈದ್ಯಶಾಸ್ತ್ರದ ಬೆಂಬಲವಿಲ್ಲ.

15. ಕೂದಲು, ಚರ್ಮ, ಮನಸ್ಸು, ಮದ್ಯ

ಮೂರರಿಂದ ಆರನೇ ತಿಂಗಳ ನಡುವೆ ಕೂದಲು ಉದುರುತ್ತದೆ. ಪ್ರೋಟೀನ್, ಕಬ್ಬಿಣಾಂಶ ಸರಿಯಿದ್ದರೆ ಮತ್ತೆ ಬರುತ್ತದೆ. ಚರ್ಮ ಜೋಲುವುದು ನಿಜ, ಬೇಸಿಗೆಯಲ್ಲಿ ಮಡಿಕೆಗಳನ್ನು ಒಣಗಿಸಿಕೊಳ್ಳಿ. ಬೇಸರವಾದಾಗ ತಿಂದು ಸಮಾಧಾನ ಪಡುತ್ತಿದ್ದವರಿಗೆ ಈಗ ಆ ದಾರಿ ಮುಚ್ಚಿದೆ; ಅಳು ಬಂದರೆ, ನಿದ್ದೆ ಹೋದರೆ ಮಾನಸಿಕ ತಜ್ಞರನ್ನು ಕಾಣಿ. ತಿನ್ನುವ ಜಾಗಕ್ಕೆ ಕುಡಿತ ಬಂದು ಕೂರದಂತೆ ಎಚ್ಚರ. ಬೈಪಾಸ್, ಸ್ಲೀವ್ ಆದವರಿಗೆ ಮದ್ಯ ಬೇಗ ಏರುತ್ತದೆ, ಚಟವಾಗುವ ಸಾಧ್ಯತೆಯೂ ಹೆಚ್ಚು.

16. ಬಸಿರು 12ರಿಂದ 18 ತಿಂಗಳ ಮೇಲೆ

ತೂಕ ಇಳಿದಂತೆ ಮುಟ್ಟು ಸರಿಹೋಗಿ ವರ್ಷಗಟ್ಟಲೆ ಆಗದ ಗರ್ಭ ತಾನಾಗಿ ನಿಲ್ಲಬಹುದು. ಆದರೆ ತೂಕ ವೇಗವಾಗಿ ಇಳಿಯುವ ಕಾಲದಲ್ಲಿ ಕೂಸಿಗೆ ಪೋಷಣೆ ಸಾಲದು. ಬೈಪಾಸ್ ನಂತರ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹಿಡಿಯದಿರಬಹುದು, ಬೇರೆ ವಿಧಾನ ಕೇಳಿ. ಮದುವೆಯಾದ ಹೊಸದರಲ್ಲಿ ‘ಏನೂ ವಿಶೇಷ ಇಲ್ಲೇನು?’ ಎಂದು ಕೇಳುವವರಿಗೆ ಗಂಡನೇ ಉತ್ತರ ಕೊಡಲಿ.

17. ತಪಾಸಣೆಗೆ ಹೋಗಲು ದೂರ ನೆಪವಾಗದಿರಲಿ

ಮೂರು, ಆರು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಲೇಬೇಕು. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಬುಮಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ. ರಕ್ತ ಇಲ್ಲೇ ಲ್ಯಾಬಿನಲ್ಲಿ ಕೊಟ್ಟು ವರದಿಯನ್ನು ಫೋನಿನಲ್ಲಿ ಕಳಿಸಿದರೂ ಸರಿ. ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡವರಿಗೆ 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಪ್ರಯಾಣ ಹಗುರ. ಆಪರೇಷನ್ ಆದ ಹೊಸದರಲ್ಲಿ ಬಸ್ಸಿನಲ್ಲೋ ಕಾರಿನಲ್ಲೋ ಹೋಗುವುದಾದರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು.

ಎರಡನೇ ವರ್ಷದ ನಂತರ ತೂಕ ಸ್ವಲ್ಪ ಮರಳುವುದು ಬಹಳ ಜನರಲ್ಲಿ ಆಗುತ್ತದೆ. ಅದನ್ನು ಸೋಲೆಂದು ತಿಳಿದು ಡಾಕ್ಟರ ಮುಖ ತಪ್ಪಿಸಬೇಡಿ. ಮೂರು ನಾಲ್ಕು ಕಿಲೋ ಏರಿದಾಗಲೇ ಹೋಗಿ, ಹತ್ತು ದಿನ ತಿಂದದ್ದನ್ನೆಲ್ಲ ಬರೆದ ಚೀಟಿ ಹಿಡಿದುಕೊಂಡು, ಅಡುಗೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು.